ಅವ್ವನ್ನ ಕೂಡಿಸ್ಕೊಂಡು 56 ಸಾವಿರ ಕಿಲೋಮೀಟರ್

ಮೈಸೂರಿನ ಚೂಡಾರತ್ನಮ್ಮ ಬೇಲೂರು, ಹಳೇಬೀಡನ್ನೂ ನೋಡಿರ್ಲಿಲ್ಲ. ಕೂಡು ಕುಟುಂಬದ ಅಡುಗಿಮನ್ಯಾಗನ ಆಯುಷ್ಯ ಕಳದಿತ್ತು.

ಮಗ ಕೃಷ್ಣಕುಮಾರ್ ಬೆಂಗಳೂರಿನ ಕೆಲಸ ಬಿಟ್ರು. 2018ರ ಜನವರಿಯೊಳಗ, ಅಪ್ಪ 2001ರಾಗ ಕೊಡಿಸಿದ್ದ ಬಜಾಜ್ ಚೇತಕ್ ತಗದ್ರು. ಕೈಯಾಗ ಗೇರು, ಕಾಲಹತ್ರ ಬ್ಯಾಗು, ಹಿಂದ ಅಮ್ಮ. ಕನ್ಯಾಕುಮಾರಿ, ಕಾಶ್ಮೀರ, ಈಶಾನ್ಯದ ರಾಜ್ಯಗಳು. ಅಷ್ಟಕ್ಕ ನಿಲ್ಲಲಿಲ್ಲ, ನೇಪಾಳ, ಭೂತಾನ್, ಮ್ಯಾನ್ಮಾರೂ ಆತು. 2020ರಾಗ ಮೈಸೂರಿಗೆ ಬರೂದ್ರಾಗ 56 ಸಾವಿರ ಕಿಲೋಮೀಟರ್ ದಾಟಿತ್ತು!

ನಮಗ ಅಷ್ಟ್ ದೂರ ಬ್ಯಾಡ್ರಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೆಂಗಿದ್ರೂ ಬರ್ತೀರಿ. ಸವದತ್ತಿಯಿಂದ ಹತ್ತು ಕಿಲೋಮೀಟರ್ ಒಳಗನ ಹೂಲಿ ಐತಿ. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ, ಊರ ತುಂಬ ಪಾಳುಬಿದ್ದ ಹಳೇ ಗುಡಿಗಳು. ಬಿಸಲ ಏರೂದ್ರಾಗ ಬರ್ರಿ, ನೀರಿನ ಬಾಟ್ಲಿ ಇಟ್ಕೋರ್ರಿ, ಅವ್ವನ ಮೊಣಕಾಲಿಗೆ ತಕ್ಕಂಗ ಸಾವಕಾಶ ನಡೀರಿ.

ಈ ಐತವಾರ ಫ್ರೀ ಅದೀರಿಲ್ಲೋ?