ಮಲಗುವ ಮುಂಚೆ ಮುಚ್ಚಿದ ಗಾಳಿಕಂಡಿ

ಟಾಸ್ಮೇನಿಯಾದ ಲಾನ್ಸೆಸ್ಟನ್ ಟೇಮರ್ ನದಿಯ ಕಣಿವೆಯಲ್ಲಿರುವ ಊರು. ಗಾಳಿಯಾಡದ ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂರುತ್ತದೆ, ಬೆಚ್ಚನೆಯದು ಅದರ ಮೇಲೆ ಮುಚ್ಚಳ ಹಾಕುತ್ತದೆ. ಚಿಮಣಿಯಿಂದ ಹೊರಟ ಹೊಗೆ ಮೇಲೆ ಹೋಗಲಾರದೆ ಅಕ್ಕಪಕ್ಕದ ಮನೆಗಳತ್ತ ಹರಡುತ್ತದೆ.

1990ರ ದಶಕದಲ್ಲಿ ಅಲ್ಲಿನ ಮೂರರಲ್ಲಿ ಎರಡು ಪಾಲು ಮನೆಗಳು ಬೆಚ್ಚಗಾಗುತ್ತಿದ್ದುದು ಸೌದೆ ಹೀಟರಿನಿಂದ. ಒಣ ಸೌದೆಗೆ ಸಾಕಷ್ಟು ಗಾಳಿ ಕೊಟ್ಟರೆ ಹೊಗೆ ಕಡಿಮೆಯೇ. ಆದರೆ ಬೆಳಗಿನವರೆಗೂ ಕಾವು ಉಳಿಯಲೆಂದು ಜನ ಮಲಗುವ ಮುಂಚೆ ದೊಡ್ಡ ಕೊರಡು ತುಂಬಿ ಗಾಳಿಕಂಡಿ ಮುಚ್ಚಿಬಿಡುತ್ತಾರೆ. ಜ್ವಾಲೆ ಆರುತ್ತದೆ, ಸೌದೆ ರಾತ್ರಿಯಿಡೀ ಒಳಗೇ ಕಮರುತ್ತದೆ. ಹಂಡೆ ಒಲೆಗೆ ಹಸಿ ಸೌದೆ ತುರುಕಿದ ಮಲೆನಾಡಿನವರಿಗೆ ಆ ಹೊಗೆಯ ಘಾಟು ಬಿಡಿಸಿ ಹೇಳಬೇಕಿಲ್ಲ.

1998ರಲ್ಲಿ ಆಸ್ಟ್ರೇಲಿಯಾ ರಾಷ್ಟ್ರೀಯ ಮಾನದಂಡ ತಂದಿತು: ಪಿಎಂ10 ಎಂಬ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ದಿನದ ಸರಾಸರಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಮೀರಬಾರದು. 2001ರಲ್ಲಿ ಸರ್ಕಾರ ಹಣ ಕೊಟ್ಟು ಸೌದೆ ಹೀಟರ್ ತೆಗೆಸಿ ವಿದ್ಯುತ್ ಹೀಟರ್ ಹಾಕಿಸತೊಡಗಿತು. ಟಾಸ್ಮೇನಿಯಾದ ಕರೆಂಟು ಬಹುಪಾಲು ಜಲವಿದ್ಯುತ್ತು. ಹಾಗಾಗಿ ಹೊಗೆ ಇನ್ನೊಂದು ಊರಿನ ಚಿಮಣಿಗೆ ವರ್ಗವಾಗಲಿಲ್ಲ. ಸೌದೆ ಉರಿಸುವ ಮನೆಗಳು ಶೇ 30ಕ್ಕೆ ಇಳಿದವು. ಚಳಿಗಾಲದ ಸರಾಸರಿ ಪಿಎಂ10 ಕೂಡ 44ರಿಂದ 27ಕ್ಕೆ ಬಂತು.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಸಾವುಗಳನ್ನು ಲೆಕ್ಕಹಾಕಿತು. ಗಂಡಸರ ಸಾವಿನ ಪ್ರಮಾಣ ಶೇ 11.4ರಷ್ಟು ತಗ್ಗಿತ್ತು, ಹೆಂಗಸರಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಇಂಥ ಯೋಜನೆಯಿಲ್ಲದ, ಟಾಸ್ಮೇನಿಯಾದ್ದೇ ಇನ್ನೊಂದು ಊರಾದ ಹೋಬಾರ್ಟ್‌ನಲ್ಲಿ ಗಂಡಸರಲ್ಲೂ ಆ ಬದಲಾವಣೆಯಿಲ್ಲ. ಚಿಕ್ಕ ಊರಿನ ಅಂಕಿ, ಸ್ವಲ್ಪ ತಡೆದೇ ನಂಬಬೇಕು. ಆದರೂ ದಂಡಕ್ಕಿಂತ ಧನಸಹಾಯವೇ ಹೆಚ್ಚು ಕೆಲಸ ಮಾಡಿತೆಂದು ನನಗನ್ನಿಸುತ್ತದೆ: ಬೇರೆ ದಾರಿಯಿಲ್ಲದೆ ಸೌದೆ ಉರಿಸುವವನಿಗೆ ದಂಡ ಹಾಕಿದರೆ ಅವನೇನು ಚಳಿಯಲ್ಲಿ ಕೂರುತ್ತಾನೆಯೇ?

ಟಾಸ್ಮೇನಿಯಾದಲ್ಲಿ ದಂಡದ ನಿಯಮವೂ ಇದೆಯೆನ್ನಿ. ಚಿಮಣಿಯಿಂದ ಹೊಗೆ ಎಡೆಬಿಡದೆ 10 ನಿಮಿಷ ಕಾಣಬೇಕು; ಅದರೊಳಗೆ ಸತತ 30 ಸೆಕೆಂಡ್ ಕಟ್ಟಡದಿಂದ 10 ಮೀಟರ್ ಆಚೆಗೂ ಕಾಣಬೇಕು. ಆಗಷ್ಟೇ ತಪ್ಪು. ನೆರೆಯವರ ಜಗಳಕ್ಕೆ ಅಳತೆಗೋಲು ಸಿಕ್ಕಿತೇನೋ ಸರಿ, ಆದರೆ ಆ ಅಳತೆಗೆ ಕಣ್ಣೇ ಆಧಾರ. ಗಾಳಿಕಂಡಿ ಮುಚ್ಚುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ.