ಮಾನವ ಭೂಗೋಳದ ಬೋಧನೆಯಲ್ಲಿ ಭೂಪಟವೂ ಅಂತರ್ಜಾಲವೂ

ಭೂಗೋಳಶಾಸ್ತ್ರಕ್ಕೆ ಎರಡು ಮುಖಗಳುಂಟು. ನದಿ, ಪರ್ವತ, ಮಳೆ, ಮಣ್ಣುಗಳನ್ನು ಕುರಿತು ವಿಚಾರ ಮಾಡುವುದು ಒಂದು. ಆ ನದಿಯ ದಂಡೆಯಲ್ಲಿ ಮನುಷ್ಯನು ಏಕೆ ನೆಲೆಸಿದನು, ಏನನ್ನು ಬೆಳೆದನು, ಯಾವ ದಾರಿಯಿಂದ ಬಂದನು, ಯಾವ ಕಾರಣದಿಂದ ಊರು ಬಿಟ್ಟನು ಎಂಬುದನ್ನು ಅರಸುವುದು ಇನ್ನೊಂದು. ಈ ಎರಡನೆಯದಕ್ಕೆ ಮಾನವ ಭೂಗೋಳವೆಂದು ಹೆಸರು. ಮೊದಲನೆಯದಕ್ಕೆ ದೊರೆತಷ್ಟು ಮನ್ನಣೆ ನಮ್ಮ ತರಗತಿಗಳಲ್ಲಿ ಎರಡನೆಯದಕ್ಕೆ ದೊರೆತಿಲ್ಲವೆಂದು ಸಂಕೋಚದಿಂದಲೇ ಹೇಳಬೇಕಾಗಿದೆ. ಗೋಡೆಯ ಭೂಪಟದಲ್ಲಿ ಹಿಮಾಲಯವನ್ನು ಕೋಲಿನಿಂದ ಮುಟ್ಟಿ ತೋರಿಸುವ ಹುಡುಗನು, ತನ್ನೂರ ಹಳ್ಳವು ಯಾವ ನದಿಯನ್ನು ಸೇರುತ್ತದೆಂದು ಕೇಳಿದರೆ ತಡವರಿಸುತ್ತಾನೆ. ನಾನು ಕನ್ನಡ ಪಂಡಿತ. ಭೂಗೋಳವು ನನ್ನ ಅಧಿಕಾರದ ಕ್ಷೇತ್ರವಲ್ಲ. ಆದರೂ ಗ್ರಂಥಗಳನ್ನು ಓದಿಸುತ್ತ ಬಂದವನಾದುದರಿಂದ, ಭೂಪಟವನ್ನು ಓದಿಸುವ ಬಗೆಯನ್ನು ಕುರಿತು ಉಪಾಧ್ಯಾಯ ಬಂಧುಗಳಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವೆನು.

ಹಳಗನ್ನಡ ಪದ್ಯವೊಂದು ಎದುರಿಗೆ ಬಂದಾಗ ನಾವು ಮೊದಲು ಪದಚ್ಛೇದ ಮಾಡುತ್ತೇವೆ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ. ಭೂಪಟಕ್ಕೂ ಇದೇ ಕ್ರಮ ಸಲ್ಲುತ್ತದೆ. ಈ ನೀಲಿ ಗೆರೆ ಕಾಲುವೆ, ಈ ಕಪ್ಪು ಚುಕ್ಕೆಗಳ ಗುಂಪು ಊರು ಎಂದು ಗುರುತಿಸುವುದು ಪದಚ್ಛೇದ. ಕಾಲುವೆಗೂ ಊರಿಗೂ ಇರುವ ಸಂಬಂಧವನ್ನು ಹೇಳುವುದು ಅನ್ವಯ. ಅದು ಹಾಗೇಕೆ ಇದೆ ಎಂಬುದು ತಾತ್ಪರ್ಯ. ಇಂದಿನ ಮಕ್ಕಳಿಗೆ ಭೂಪಟಗಳ ಕೊರತೆಯಿಲ್ಲ. 1767 ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳಿವೆ. ಅವುಗಳಲ್ಲಿ 1:50,000 ಪ್ರಮಾಣದವಾದರೆ ಎರಡು ಸೆಂಟಿಮೀಟರು ನೆಲದ ಒಂದು ಕಿಲೋಮೀಟರಿಗೆ ಸಮ. ಇಸ್ರೋ ಸಂಸ್ಥೆಯು 2009 ರಲ್ಲಿ ಆರಂಭಿಸಿದ ‘ಭುವನ್’ ಇದೆ. ನಿಂತ ನೆಲದ ಸರ್ವೆ ನಂಬರನ್ನು ತೋರಿಸುವ ‘ದಿಶಾಂಕ್’ ಎಂಬ ನಮ್ಮ ರಾಜ್ಯದ ಸಾಧನವನ್ನು ರೈತರೇ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಮಕ್ಕಳಾದರೋ ಬೆರಳಿನಿಂದ ಪರದೆಯನ್ನು ಹಿಗ್ಗಿಸಿ, ಮನೆಯ ಮಾಳಿಗೆಯನ್ನು ಕಂಡು ಹಿಗ್ಗಿ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಪದಚ್ಛೇದವೂ ಆಗಿರುವುದಿಲ್ಲ.

ತಿಮ್ಮಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಹೆಸರನ್ನು ಅಂತರ್ಜಾಲದ ಭೂಪಟದಲ್ಲಿ ಹುಡುಕಿದರೆ ಒಂದಲ್ಲ, ಹಲವು ತಿಮ್ಮಾಪುರಗಳು ಎದ್ದು ನಿಲ್ಲುತ್ತವೆ, ತೆಲಂಗಾಣದಲ್ಲಿಯೂ ಇವೆ. ತಿರುಮಲ ಶಬ್ದದಿಂದ ಬಂದ ‘ತಿಮ್ಮ’ ಎಂಬ ವ್ಯಕ್ತಿನಾಮಕ್ಕೆ ‘ಪುರ’ ಸೇರಿದ ಹೆಸರಾದುದರಿಂದ ಇದು ಸಹಜವೇ. ಹಾಗಾದರೆ ನಮ್ಮದು ಯಾವುದು? ಮುಧೋಳ ಎತ್ತ, ಘಟಪ್ರಭೆ ಎತ್ತ ಎಂದು ನೆರೆಹೊರೆಯಿಂದ ಗುರುತಿಸುವುದನ್ನು ಹುಡುಗರು ಇಲ್ಲಿ ಕಲಿಯುತ್ತಾರೆ. ಮುಂದೆ ಜಿಲ್ಲೆ ಯಾವುದೆಂದು ಕೇಳಬೇಕು. 1997 ಕ್ಕಿಂತ ಹಿಂದಿನ ಭೂಪಟವಾದರೆ ವಿಜಾಪುರ ಎಂದಿರುತ್ತದೆ, ಅನಂತರದ್ದಾದರೆ ಬಾಗಲಕೋಟೆ. ರಬಕವಿ-ಬನಹಟ್ಟಿ ತಾಲ್ಲೂಕು ಹಳೆಯ ಹಾಳೆಗಳಲ್ಲಿ ಕಾಣುವುದೇ ಇಲ್ಲ. ಇನ್ನೂ ಹಿಂದೆ ಸರಿದರೆ ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿ ಎಂದು ಸಂಸ್ಥಾನಗಳ ಬಣ್ಣಗಳು. 1948 ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956 ರಲ್ಲಿ ಈ ನಾಡು ಮೈಸೂರು ರಾಜ್ಯವನ್ನು ಸೇರಿತು. ತಾಮ್ರಪಟಕ್ಕೆ ಕಾಲನಿರ್ಣಯ ಎಷ್ಟು ಮುಖ್ಯವೋ ಭೂಪಟಕ್ಕೂ ಅಷ್ಟೇ ಮುಖ್ಯ.

ಇನ್ನು ತಿಮ್ಮಾಪುರದ ಸುತ್ತಣ ಉಪಗ್ರಹ ಚಿತ್ರವನ್ನು ನೋಡಿ. ಕಪ್ಪು ಎರೆಯ ನೆಲ, ಮಳೆ ಅಲ್ಪ. ಆದರೂ ಹಸುರಿನ ಚೌಕಗಳು ಒತ್ತಾಗಿ ಕಾಣುತ್ತವೆ. ವರ್ಷಪೂರ್ತಿ ನೀರು ಬೇಡುವ ಕಬ್ಬು ಇಲ್ಲಿ ಹೇಗೆ ಬಂದಿತು? ಹುಡುಗರು ನದಿಯನ್ನು, ಧೂಪದಾಳದ ಒಡ್ಡಿನಿಂದ ಹೊರಟು ಬರುವ ಘಟಪ್ರಭಾ ಎಡದಂಡೆ ಕಾಲುವೆಯನ್ನು ಬೆರಳಿನಿಂದ ಹಿಂಬಾಲಿಸಲಿ; ಉತ್ತರ ತಾನಾಗಿ ದೊರೆಯುತ್ತದೆ. ಅನಂತರ ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಮಾತು. ಪೇಟೆಯಲ್ಲಿ ಇರಬೇಕಾದ ಕಾರ್ಖಾನೆ ಹಳ್ಳಿಯಲ್ಲೇಕೆ? ನೂರು ಟನ್ನು ಕಬ್ಬು ಅರೆದರೆ ದೊರೆಯುವ ಸಕ್ಕರೆ ಸುಮಾರು ಹತ್ತು ಟನ್ನು. ಉಳಿದ ಭಾರವನ್ನು ದೂರ ಹೊರುವುದು ವ್ಯರ್ಥ. ಅಲ್ಲದೆ ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದಷ್ಟೂ ಸಿಹಿ ಇಳಿಯುತ್ತದೆ. ಆದಕಾರಣ ಕಾರ್ಖಾನೆಯೇ ಹೊಲದ ಬಳಿಗೆ ಬಂದಿತು. ನೇಕಾರಿಕೆಯ ವಿಷಯ ಬೇರೆ. ನೂಲಿಗೂ ಬಟ್ಟೆಗೂ ಭಾರದಲ್ಲಿ ಹೆಚ್ಚು ಅಂತರವಿಲ್ಲವಾದುದರಿಂದ ರಬಕವಿ, ಬನಹಟ್ಟಿಗಳಲ್ಲಿ ಮಗ್ಗಗಳು ಕೈಕಸಬು ಬಲ್ಲ ಜನರಿದ್ದೆಡೆಯಲ್ಲಿ ನಿಂತವು. ಉದ್ಯಮಗಳ ನೆಲೆಯನ್ನು ಕುರಿತ ಸಿದ್ಧಾಂತವನ್ನು ಮಕ್ಕಳು ಪರಭಾಷೆಯ ಪಾರಿಭಾಷಿಕಗಳಿಲ್ಲದೆಯೇ ಹೀಗೆ ತಿಳಿಯಬಲ್ಲರು.

ಭೂಪಟದಲ್ಲಿ ಕಾಣದವರೂ ಉಂಟು. ಕಬ್ಬು ಅರೆಯುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಮುಂತಾದ ಒಣ ಸೀಮೆಗಳಿಂದ ಕಬ್ಬು ಕಡಿಯುವ ಗುಂಪುಗಳು ಮಕ್ಕಳು ಮರಿಗಳೊಡನೆ ಬಂದು ಗುಡಿಸಲು ಹೂಡುತ್ತವೆ. ಹಂಗಾಮು ಮುಗಿದೊಡನೆ ಗುಡಿಸಲೂ ಇಲ್ಲ, ಅವರೂ ಇಲ್ಲ. 2011 ರ ಜನಗಣತಿಯ ಎಣಿಕೆ ನಡೆದುದು ಫೆಬ್ರುವರಿ 9 ರಿಂದ 28 ರವರೆಗೆ, ಅಂದರೆ ಹಂಗಾಮಿನ ನಡುವೆ. ಜನಗಣತಿಯ ಗ್ರಾಮವಾರು ಅಂಕಿಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಅವನ್ನು ಮುಂದಿಟ್ಟು, ಆ ಗುಡಿಸಲಿನ ಕೂಸನ್ನು ಯಾವ ಊರಿನ ಲೆಕ್ಕಕ್ಕೆ ಹಿಡಿಯಬೇಕು ಎಂದು ತರಗತಿಯಲ್ಲಿ ಕೇಳಿ ನೋಡಿ. ಒಂದು ತಾಸಿನ ಚರ್ಚೆಗೆ ಅದು ಸಾಕು.

ಅತ್ಯಂತ ಎಚ್ಚರದಿಂದ ಕಲಿಸಬೇಕಾದ ಪಾಠ ಆಲಮಟ್ಟಿಯದು. 1984 ರಿಂದ ಮೊದಲ್ಗೊಂಡು ವರ್ಷ ವರ್ಷದ ಉಪಗ್ರಹ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುವ ವ್ಯವಸ್ಥೆ ಗೂಗಲ್ ಅರ್ಥ್‌ನಲ್ಲಿದೆ. ಮೊದಮೊದಲು ಕೃಷ್ಣೆಯೂ ಘಟಪ್ರಭೆಯೂ ದಾರದೆಳೆಗಳಂತಿರುತ್ತವೆ. ಬರಬರುತ್ತ ಎಳೆ ಅಗಲವಾಗಿ, ಎರಡೂ ಕೂಡುವ ಚಿಕ್ಕಸಂಗಮದ ಸುತ್ತ ನೀಲಿ ಹರಡುತ್ತದೆ. ಹಳೆಯ ಬಾಗಲಕೋಟೆಯ ಅಂಚನ್ನು ನೀರು ಮುಟ್ಟುತ್ತದೆ. ಅತ್ತ ನವನಗರದ ನೇರ ಬೀದಿಗಳು ಮೂಡುತ್ತವೆ. ಇಂದು ಜಲಾಶಯದ ನೀರು ನಿಲ್ಲುವ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸುವ ವಿಚಾರ ಎಲ್ಲರೂ ಬಲ್ಲದ್ದೇ. ಬೀಳಗಿ ಸೀಮೆಯ ಎಷ್ಟೋ ಮಕ್ಕಳ ಅಜ್ಜಂದಿರ ಹೊಲಮನೆ ಈ ನೀಲಿಯ ಕೆಳಗಿವೆ. ಚಿತ್ರವನ್ನು ಕೌತುಕವೆಂಬಂತೆ ತೋರಿಸಿ ಮುಂದಕ್ಕೆ ಹೋಗುವುದು ಕ್ರೌರ್ಯವಾದೀತು. ನನ್ನ ಸೂಚನೆಯಿಷ್ಟೆ: ಆ ಚಿತ್ರದ ಅಚ್ಚುಪ್ರತಿಯನ್ನು ವಿದ್ಯಾರ್ಥಿಯು ಮನೆಗೆ ಒಯ್ಯಲಿ, ಹಿರಿಯರನ್ನು ಕೇಳಿ ಅಗಸಿ ಎಲ್ಲಿತ್ತು, ಸೇದುವ ಬಾವಿ ಯಾವುದು, ಯಾವ ಹೊಲಕ್ಕೆ ಏನೆಂದು ಕರೆಯುತ್ತಿದ್ದರು ಎಂಬುದನ್ನು ನೀಲಿಯ ಮೇಲೆಯೇ ಬರೆದುಕೊಂಡು ಬರಲಿ. ಹೊಲದ ಹೆಸರು ಉತಾರದಲ್ಲಿ ಇರುವುದಿಲ್ಲ, ಅಲ್ಲಿ ಸರ್ವೆ ನಂಬರು ಮಾತ್ರ. ಹೇಳಬಲ್ಲವರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ಮುಂದಿನ ಹತ್ತು ವರ್ಷಗಳ ಅವಕಾಶವೂ ಇದ್ದೀತೆಂದು ನನಗೆ ತೋರುವುದಿಲ್ಲ.

ಕನ್ನಡ ಉಪಾಧ್ಯಾಯರೂ ಇದರಲ್ಲಿ ಕೈಜೋಡಿಸಬಹುದು. ರನ್ನಕವಿಯ ಮುದುವೊಳಲು, ಅಂದರೆ ಮುದಿಯ ಪೊಳಲು, ಹಳೆಯ ಪಟ್ಟಣ, ಇಂದಿನ ಮುಧೋಳವಾಗಿದೆ. ಪಟ್ಟದಕಲ್ಲಿನ ಪ್ರಾಚೀನ ನಾಮ ಕಿಸುವೊಳಲು, ಕೆಂಪು ಪಟ್ಟಣ. ಉಪಗ್ರಹ ಚಿತ್ರದಲ್ಲಿ ಮುಧೋಳದ ಕರಿನೆಲದಿಂದ ಬಾದಾಮಿಯ ಕೆಂಗಲ್ಲಿನ ಕಡೆಗೆ ಸರಿದರೆ ಆ ‘ಕಿಸು’ ಎಂಬುದರ ಅರ್ಥ ನಿಘಂಟಿಲ್ಲದೆ ತಿಳಿಯುತ್ತದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಹೇಳುವಾಗ ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳೆಂದು ಗುರುತಿಸಿ ಗೆರೆಯೆಳೆಯಿಸಿದರೆ, ಒಂಬತ್ತನೆಯ ಶತಮಾನದ ಭಾಷಾ ಭೂಪಟವೊಂದು ಹುಡುಗರ ಕೈಯಿಂದಲೇ ಸಿದ್ಧವಾಗುತ್ತದೆ. ರನ್ನನು ವಿದ್ಯೆಗಾಗಿ ಶ್ರವಣಬೆಳಗೊಳಕ್ಕೆ ಹೋದನೆಂದು ಓದಿಸುತ್ತೇವೆ. ಅದು ನೇರಗೆರೆಯಲ್ಲಿಯೇ ಸುಮಾರು 400 ಕಿ.ಮೀ. ಎಂದು ಅಳೆಸಿದ ಮೇಲೆ ಬಳೆಗಾರರ ಮನೆಯ ಆ ಹುಡುಗನ ವಿಷಯದಲ್ಲಿ ಮಕ್ಕಳಿಗೆ ಹುಟ್ಟುವ ಗೌರವವೇ ಬೇರೆ.

ದಾನಿಗಳು ಗಣಕಯಂತ್ರಗಳನ್ನು ಕೊಡಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಮಕ್ಕಳಿಗೊಂದು ಯಂತ್ರ ಬೇಕಿಲ್ಲ. ಒಂದು ಯಂತ್ರ, ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಅಚ್ಚು ಮಾಡುವ ಒಂದು ಮುದ್ರಕ, ಇವಿಷ್ಟಿದ್ದರೆ ವಿದ್ಯುತ್ತು ಕೈಕೊಟ್ಟ ದಿನವೂ ಪಾಠ ನಿಲ್ಲದು. ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಭೂಪಟಕ್ಕೆ ಯಾರು ಬೇಕಾದರೂ ಊರು, ಕೆರೆ, ದಾರಿಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸಬಹುದು. ಸೇರಿಸುವ ಮುನ್ನ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಬೇಕು. ಪಾಠಾಂತರಗಳಿದ್ದರೆ ಎರಡನ್ನೂ ಬರೆದಿಡಬೇಕು. ಪ್ರತಿ ಹಾಳೆಯ ಮೂಲೆಯಲ್ಲಿ ಚಿತ್ರದ ವರ್ಷ, ಕೇಳಿ ಬರೆದ ದಿನಾಂಕ, ಹೇಳಿದವರ ವಯಸ್ಸು ಇವು ಮೂರೂ ಇರಲಿ.