ಎತ್ತಿನ ಬಾಯಿ, ಮನುಷ್ಯನ ದೊರೆತನ

ಸರ್ವಜ್ಞನ ಹೆಸರಿನೊಡನೆ ಬೆಸೆದ ಮಾಸೂರಿನ ಸೀಮೆಯಲ್ಲಿ ಎತ್ತು ಕಣ ತುಳಿಯುವುದನ್ನು ಕಂಡವರಿಗೆ ಬೈಬಲಿನ ಧರ್ಮೋಪದೇಶಕಾಂಡದ ಒಂದು ವಿಧಿ ಥಟ್ಟನೆ ಅರ್ಥವಾದೀತು: ಒಕ್ಕುವ ಎತ್ತಿಗೆ ಬಾಯಿಕುಕ್ಕೆ ಹಾಕಕೂಡದು. ದುಡಿಯುವ ಪ್ರಾಣಿಗೂ ಫಸಲಿನಲ್ಲಿ ಪಾಲುಂಟು ಎಂಬುದೇ ಇದರ ಅರ್ಥಶಾಸ್ತ್ರ. ಆದರೆ ಸಂತ ಪೌಲನು ಕೊರಿಂಥದವರಿಗೆ ಬರೆಯುವಾಗ ಇದನ್ನು ಬೋಧಕರ ಜೀವನೋಪಾಯಕ್ಕೆ ಅನ್ವಯಿಸಿದ. ಎತ್ತು ಬರಿಯ ದೃಷ್ಟಾಂತವಾಯಿತು. ಆದಿಕಾಂಡದ ‘ದೊರೆತನ’ವನ್ನೂ ಮನುಷ್ಯ ತನ್ನ ಅನುಕೂಲಕ್ಕೆ ಓದಿಕೊಂಡ. ಅದೇ ಗ್ರಂಥದ ಎರಡನೆಯ ಅಧ್ಯಾಯ ಅವನಿಗೆ ತೋಟವನ್ನು ವಹಿಸಿದ್ದು ವ್ಯವಸಾಯಕ್ಕೂ ಕಾವಲಿಗೂ. ಪ್ರಭಾರ ವಹಿಸಿಕೊಂಡ ಅಧಿಕಾರಿ ಕಚೇರಿಯ ಮಾಲೀಕನಲ್ಲವೆಂಬುದು ನಮ್ಮಂಥ ನಿವೃತ್ತರಿಗೆ ಚೆನ್ನಾಗಿ ಗೊತ್ತು! ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ದೊರೆತನದ ಆ ತಪ್ಪು ಓದನ್ನು ಸ್ಪಷ್ಟವಾಗಿ ತಿರಸ್ಕರಿಸಿದರು. ಒಕ್ಕುವ ಯಂತ್ರಗಳು ಬಂದ ಮೇಲೆ ಕೆಲಸವಿಲ್ಲದ ಎತ್ತಿಗೆ ಏನು ಸಲ್ಲಬೇಕು? ಸಬ್ಬತ್ತಿನ ವಿಶ್ರಾಂತಿಯನ್ನು ಎತ್ತಿಗೂ ಕತ್ತೆಗೂ ಕೊಟ್ಟ ಧರ್ಮವೇ ಇದಕ್ಕೆ ಉತ್ತರಿಸಬೇಕಾಗಿದೆ.